ದೊಡ್ಡ ಮಳಿಗೆಗಳೂ ಬೆಳೆಗಾರರಾದ ನಾವೂ



ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿದು ಮಾರಿ, ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಸಂಸಾರ ಸಮೇತ ಮೈಸೂರಿಗೆ ಹೋಗಿಬರುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಆ ಪ್ರಯಾಣಕ್ಕೆ ಗೊತ್ತಾದ ದಾರಿಯೊಂದಿತ್ತು. ದೇವರಾಜ ಮಾರುಕಟ್ಟೆಯಲ್ಲಿ ಹೂವು, ಹಣ್ಣು, ವೀಳ್ಯದೆಲೆ; ಸಂತೆಪೇಟೆಯಲ್ಲಿ ಬೇಳೆ, ಬೆಲ್ಲ, ಎಣ್ಣೆ; ದೇವರಾಜ ಅರಸು ರಸ್ತೆಯಲ್ಲಿ ಮಕ್ಕಳಿಗೆ ಬಟ್ಟೆ. ಈಗ ಜೀಪು ನೇರವಾಗಿ ಹೋಗಿ ನಿಲ್ಲುವುದು ದೊಡ್ಡ ಮಳಿಗೆಯೊಂದರ ಮುಂದೆ. ತಳ್ಳುಗಾಡಿಗೆ ತುಂಬಿದ್ದೇ ತುಂಬಿದ್ದು. ಬಿಲ್ಲಿನ ಕೊನೆಯಲ್ಲಿ ಇಂದು ತಾವು ಇಷ್ಟು ರೂಪಾಯಿ ಉಳಿಸಿದ್ದೀರಿ ಎಂಬ ಸಾಲನ್ನು ಓದಿಕೊಂಡು ಸಂತೋಷದಿಂದ ಊರಿಗೆ ಮರಳುತ್ತೇವೆ. ಇದರಲ್ಲಿ ಈ ಬರಹ ಬರೆಯುತ್ತಿರುವ ನಾವೂ ಹೊರತಲ್ಲ.

ಉಳಿಸಿದ್ದು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆ ಬಿಲ್ಲಿನಲ್ಲಿ ಅಚ್ಚಾಗದ ಲೆಕ್ಕವೊಂದಿದೆ. ಅದನ್ನು ಬೆಳೆಗಾರರಾದ ನಾವಲ್ಲದೆ ಬೇರೆ ಯಾರೂ ನಮಗಾಗಿ ಮಾಡಿಕೊಡಲಾರರು. ಆದುದರಿಂದ ಈ ಬಾರಿ ಆ ವಿಷಯವಾಗಿ ನಾಲ್ಕು ಮಾತು.

ದೊಡ್ಡ ಅಂಗಡಿ ನಮಗೆ ಹೊಸದಲ್ಲ. ಒಂದೇ ಸೂರಿನ ಅಡಿಯಲ್ಲಿ ಎಲ್ಲ ಸಾಮಾನು ಎಂಬುದನ್ನು 1960ರ ದಶಕದಲ್ಲಿಯೇ ನಮಗೆ ತೋರಿಸಿಕೊಟ್ಟದ್ದು ಜನತಾ ಬಜಾರ್, ಅಂದರೆ ಸಹಕಾರ ಸಂಘಗಳು. ಕಾಳಸಂತೆಯ ಆ ದಿನಗಳಲ್ಲಿ ನ್ಯಾಯಬೆಲೆಗೆ ಸಾಮಾನು ಒದಗಿಸುವುದೇ ಅವುಗಳ ಉದ್ದೇಶವಾಗಿತ್ತು. ಖಾಸಗಿ ಕಂಪನಿಗಳು ಬಂದದ್ದು ಆಮೇಲೆ. 2001ರಲ್ಲಿ ಬಿಗ್ ಬಜಾರ್ ಆರಂಭವಾಯಿತು. 2007ರಲ್ಲಿ ಬಿರ್ಲಾ ಸಮೂಹ ‘ಮೋರ್’ ಹೆಸರಿನಲ್ಲಿ ಈ ವ್ಯಾಪಾರಕ್ಕಿಳಿಯಿತು. 2012ರಲ್ಲಿ ಕೇಂದ್ರ ಸರ್ಕಾರವು ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇಕಡ 51ರವರೆಗೆ ವಿದೇಶಿ ಬಂಡವಾಳಕ್ಕೆ ಅವಕಾಶ ಕೊಟ್ಟಾಗ, ಅಂತಹ ಮಳಿಗೆ 10 ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ಮಾತ್ರ ಎಂದು ಷರತ್ತು ಹಾಕಿತ್ತು. 2011ರ ಜನಗಣತಿಯ ಪ್ರಕಾರ ಮೈಸೂರು ನಗರ ಅದಕ್ಕಿಂತ ಕೆಳಗಿತ್ತು. ನಮಗಿನ್ನೂ ಭಯವಿಲ್ಲ ಎಂದುಕೊಂಡವರಿದ್ದರು. ಆದರೆ ಮೈಸೂರಿನ ಸಣ್ಣ ಅಂಗಡಿಯ ಗಿರಾಕಿಯನ್ನು ಸೆಳೆದದ್ದು ಪರದೇಶದ ಕಂಪನಿಯಲ್ಲ, ನಮ್ಮ ದೇಶದ ಕಂಪನಿಗಳೇ.

ಇವು ಅಗ್ಗಕ್ಕೆ ಕೊಡುವುದು ಹೇಗೆ? ಇದರಲ್ಲಿ ಮಾಟವೇನೂ ಇಲ್ಲ. 2002ರಲ್ಲಿ ಮುಂಬಯಿಯಲ್ಲಿ ಮೊದಲ ಅಂಗಡಿ ತೆರೆದ ಡಿ-ಮಾರ್ಟ್ ಕಂಪನಿಯ ಕ್ರಮವನ್ನೇ ನೋಡಿ. ಬಹುಮಟ್ಟಿಗೆ ಸ್ವಂತ ಕಟ್ಟಡ, ಆದ್ದರಿಂದ ಬಾಡಿಗೆಯ ಭಾರ ಕಡಿಮೆ. ಸಗಟಿನಲ್ಲಿ ಖರೀದಿ. ಸಾಮಾನು ಒದಗಿಸಿದವರಿಗೆ ಬೇಗನೆ ಹಣ ಪಾವತಿ, ಅದಕ್ಕೆ ಪ್ರತಿಯಾಗಿ ಹೆಚ್ಚಿನ ರಿಯಾಯಿತಿ. ಆ ರಿಯಾಯಿತಿಯ ಒಂದು ಪಾಲು ಗಿರಾಕಿಗೆ. ಇದು ಜಾಣತನದ ವ್ಯಾಪಾರವೇ ಹೊರತು ಮೋಸವಲ್ಲ. ದಿನಗೂಲಿಯ ಸಂಸಾರಕ್ಕೆ ಕಿಲೋ ಬೇಳೆಯಲ್ಲಿ ನಾಲ್ಕೈದು ರೂಪಾಯಿ ಉಳಿದರೆ ಅದು ಸಣ್ಣ ಮಾತೂ ಅಲ್ಲ. ನಮ್ಮ ಹಳ್ಳಿಗಳ ಹುಡುಗ ಹುಡುಗಿಯರಿಗೆ ಅಲ್ಲಿ ಕೆಲಸ ಸಿಕ್ಕಿರುವುದೂ ನಿಜ. ಇಷ್ಟನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಆಡಬೇಕು.

ಮೊದಲನೆಯದು ಉದ್ರಿಯ ಲೆಕ್ಕ. ಸಂಬಳದವನಿಗೆ ಆದಾಯ ತಿಂಗಳಿಗೊಮ್ಮೆ, ನಮಗೆ ಬಹುತೇಕ ವರ್ಷಕ್ಕೊಮ್ಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಕುಳಿತಾಗ ತೋಟದಿಂದ ಬರುವುದೇನೂ ಇಲ್ಲ, ಹೋಗುವುದೇ ಎಲ್ಲ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಬೇಕು, ಕಳೆ ತೆಗೆಸಬೇಕು, ವಾರದ ಬಟವಾಡೆ ನಿಲ್ಲಿಸುವಂತಿಲ್ಲ, ಮಕ್ಕಳ ಶಾಲೆಯ ಶುಲ್ಕವೂ ಆಗಲೇ. ಆ ನಾಲ್ಕು ತಿಂಗಳು ಮನೆಯ ಒಲೆ ಉರಿಸಿದವನು ಯಾರು? ಹುಣಸೂರಿನ, ಪಿರಿಯಾಪಟ್ಟಣದ, ಕುಶಾಲನಗರದ ದಿನಸಿ ಅಂಗಡಿಯವನು. ನಮಗೆ ಮಾತ್ರವಲ್ಲ, ಇವರು ನಮ್ಮ ತೋಟದ ಆಳುಗಳು ಎಂದು ನಾವಾಡಿದ ಒಂದು ಮಾತಿನ ಮೇಲೆ ಅವರಿಗೂ ವಾರದ ಅಕ್ಕಿ ಸಾಮಾನು ಅಳೆದು ಕೊಟ್ಟವನು ಅವನೇ. ದೊಡ್ಡ ಮಳಿಗೆಯ ಯಂತ್ರಕ್ಕೆ ನಮ್ಮ ಮುಖ ಗೊತ್ತಿಲ್ಲ. ಬ್ಯಾಂಕಿನ ಕಾರ್ಡು ಗೊತ್ತು. ಕಾರ್ಡಿನಲ್ಲಿ ಹಣವಿಲ್ಲದ ಆಷಾಢದಲ್ಲಿ ಅದರ ಬಾಗಿಲು ನಮಗೆ ತೆರೆದಿದ್ದೂ ಮುಚ್ಚಿದಂತೆಯೇ.

ಹೀಗಿರುವಾಗ ನಾವು ಮಾಡುತ್ತಿರುವುದೇನು? ಕೈಯಲ್ಲಿ ರೊಕ್ಕವಿದ್ದಾಗ ಮೈಸೂರಿನ ಮಳಿಗೆಗೆ, ಇಲ್ಲದಾಗ ಊರಿನ ಅಂಗಡಿಗೆ. ನಗದೆಲ್ಲ ಅಲ್ಲಿ, ಉದ್ರಿಯೆಲ್ಲ ಇಲ್ಲಿ. ಯಾವ ವರ್ತಕ ಇದನ್ನು ಎಷ್ಟು ಕಾಲ ತಡೆದಾನು? ತಿಂಗಳ ಸಾಮಾನನ್ನು ಅಲ್ಲಿಂದ ತಂದು, ಮರೆತುಬಂದ ಸಾಸಿವೆಗೆ ಮಾತ್ರ ನಮ್ಮ ಬಳಿ ಬರುತ್ತೀರಿ ಎಂದು ಅಂಗಡಿಯವರು ನಗುತ್ತಲೇ ಹೇಳುವ ಮಾತನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಆ ನಗುವಿನ ಹಿಂದಿನ ಸಂಕಟವನ್ನು ಅರ್ಥಮಾಡಿಕೊಳ್ಳಬೇಕು.

ಎರಡನೆಯದು ನಮ್ಮ ಬೆಳೆಯ ಲೆಕ್ಕ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಬೀಜ ಹುರಿದು, ಕಣ್ಣೆದುರಿಗೇ ಪುಡಿ ಮಾಡಿಕೊಡುವ ಕಾಫಿ ಅಂಗಡಿಗಳು ಇಂದಿಗೂ ಇವೆ. ಪೀಬರಿ ಇಷ್ಟು, ಪ್ಲಾಂಟೇಷನ್ ಇಷ್ಟು, ಚಿಕೋರಿ ಇಷ್ಟೇ ಎಂದು ಹೇಳಿ ಮಾಡಿಸಿಕೊಳ್ಳುವ ಗಿರಾಕಿ ಅಲ್ಲಿದ್ದಾನೆ. ತಾನು ಕುಡಿಯುತ್ತಿರುವುದು ಏನೆಂದು ಆತನಿಗೆ ಗೊತ್ತು. ದೊಡ್ಡ ಮಳಿಗೆಯ ಕಪಾಟಿನಲ್ಲಿ ಇರುವುದು ಬಹುಪಾಲು ದೊಡ್ಡ ಕಂಪನಿಗಳ ಪೊಟ್ಟಣ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪ್ರಮಾಣ ಶೇಕಡ 51ಕ್ಕೆ ಕಡಿಮೆಯಿರಬಾರದೆಂದು ಕಾನೂನು ಹೇಳುತ್ತದೆ. ಅಂದರೆ ಶೇಕಡ 49ರವರೆಗೆ ಚಿಕೋರಿಗೆ ಅವಕಾಶವಿದೆ. ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚುಹಾಕಿರುತ್ತಾರೆ, ಆದರೆ ಸಾಲಿನಲ್ಲಿ ನಿಂತು ಅದನ್ನು ಓದುವವರೆಷ್ಟು ಮಂದಿ? ನಾವು ಬೆಳೆಯುವುದು ಕಾಫಿಯನ್ನು, ಚಿಕೋರಿಯನ್ನಲ್ಲ. ಬೀಜವನ್ನು ಬಲ್ಲ ಅಂಗಡಿ ಒಂದು ಮುಚ್ಚಿದರೆ ನಮ್ಮ ಬೆಳೆಯ ಗುಣವನ್ನು ಬಲ್ಲ ನೂರಾರು ಗಿರಾಕಿಗಳು ಕರಗಿಹೋದಂತೆ.

ಅಡಿಕೆಯದು ಇನ್ನೂ ಸ್ಪಷ್ಟ. ತಾಂಬೂಲದ ವ್ಯಾಪಾರ ಬದುಕಿರುವುದು ದೇವರಾಜ ಮಾರುಕಟ್ಟೆಯ ವೀಳ್ಯದೆಲೆಯ ಸಾಲಿನಲ್ಲಿ, ಗ್ರಂದಿಗೆ ಅಂಗಡಿಯಲ್ಲಿ, ಬೀದಿಬದಿಯ ಬೀಡಾ ಅಂಗಡಿಯಲ್ಲಿ. ಮದುವೆಗೆ ಬೇಕಾದ ಬಟ್ಟಲಡಿಕೆಯನ್ನು ಆರಿಸಿ ಕೊಳ್ಳುವುದು ಅಲ್ಲಿ.

ಮೂರನೆಯದೇ ಮುಖ್ಯವಾದದ್ದು. ಕೊಳ್ಳುವವರೂ ಮಾರುವವರೂ ಹಲವರಿದ್ದರೆ ಮಾತ್ರ ಸಂತೆ. ಈ ಪಾಠವನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಯುದ್ಧಕಾಲದಲ್ಲಿ ರಫ್ತು ನಿಂತು ಕಾಫಿಯನ್ನು ಕೇಳುವವರಿಲ್ಲವಾದಾಗ ಬೆಳೆಗಾರರನ್ನು ಕಾಪಾಡಿದ್ದು ಪೂಲ್ ಪದ್ಧತಿ, 1942ರ ಕಾಫಿ ಕಾಯಿದೆ. ಆ ಉಪಕಾರವನ್ನು ಮರೆಯಲಾಗದು. ಆದರೆ ದಶಕಗಟ್ಟಲೆ ಮಾರಾಟಕ್ಕೆ ಒಂದೇ ಬಾಗಿಲು ಎಂದಾದಾಗ, ಪಾಯಿಂಟು ಲೆಕ್ಕದಲ್ಲಿ ಕಂತುಕಂತಾಗಿ ಬರುವ ಹಣಕ್ಕೆ ಕಾಯುತ್ತ ಕುಳಿತದ್ದನ್ನೂ ನಮ್ಮ ಹಿರಿಯರು ಮರೆತಿಲ್ಲ. 1992ರಿಂದ ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅಡಿಕೆಯಲ್ಲಿ ಇದರ ಇನ್ನೊಂದು ಮುಖವನ್ನು ಕಂಡೆವು. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಬೆಳೆಗಾರ ದಿಕ್ಕುಗೆಟ್ಟಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಬೆಳೆಗಾರನದೇ ಆದ ಇನ್ನೊಬ್ಬ ಕೊಳ್ಳುವವನು ಸಂತೆಗೆ ಬಂದ, ಧಾರಣೆಗೆ ಆಧಾರ ಸಿಕ್ಕಿತು. ಒಂದೇ ಬಾಗಿಲಿನ ಕಷ್ಟವನ್ನೂ ಇನ್ನೊಂದು ಬಾಗಿಲು ತೆರೆದಾಗಿನ ಸುಖವನ್ನೂ ಹೀಗೆ ಉಂಡು ತಿಳಿದ ನಾವು, ನಮ್ಮ ಪೇಟೆಯಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚುವುದನ್ನು ನೋಡುತ್ತ ಸುಮ್ಮನಿರುವುದು ಹೇಗೆ?

ದೊಡ್ಡದಾದುದು ಶಾಶ್ವತವೆಂದೂ ತಿಳಿಯಬೇಕಾಗಿಲ್ಲ. ಮೈಸೂರಿನವರಿಗೂ ಚೆನ್ನಾಗಿ ಪರಿಚಯವಿದ್ದ ಬಿಗ್ ಬಜಾರ್ ಎಂಬ ಹೆಸರು ಇಂದು ಎಲ್ಲಿದೆ? ಸಾಲದಲ್ಲಿ ಸಿಲುಕಿದ ಅದರ ಕಂಪನಿಯ ಅನೇಕ ಅಂಗಡಿಗಳನ್ನು 2022ರ ಫೆಬ್ರವರಿಯಲ್ಲಿ ರಿಲಯನ್ಸ್ ವಹಿಸಿಕೊಂಡಿತು. ಅದೇ ವರ್ಷ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2024ರಲ್ಲಿ ಅದನ್ನು ಸಮಾಪನೆಗೊಳಿಸಲು ಆದೇಶವಾಯಿತು. 2003ರಲ್ಲಿ ಬೆಂಗಳೂರಿನಲ್ಲಿ ಸಗಟು ಮಳಿಗೆ ತೆರೆದ ಜರ್ಮನಿಯ ಮೆಟ್ರೊ ಕಂಪನಿಯೂ 2023ರಲ್ಲಿ ತನ್ನ ಭಾರತದ ವ್ಯಾಪಾರವನ್ನು ರಿಲಯನ್ಸ್‌ಗೇ ಮಾರಿ ಹೊರಟುಹೋಯಿತು. ಹತ್ತು ಸಣ್ಣ ಅಂಗಡಿಗಳ ಗಿರಾಕಿಯನ್ನು ಸೆಳೆದ ದೊಡ್ಡ ಅಂಗಡಿ ತಾನೂ ಮುಚ್ಚಿದರೆ ಆ ಹತ್ತು ಅಂಗಡಿಗಳು ಮರಳಿ ಬರುವುದಿಲ್ಲ. ಬೆಳೆದ ಸಿಲ್ವರ್ ಮರಗಳನ್ನೆಲ್ಲ ಒಮ್ಮೆಲೇ ಕಡಿದವನಿಗೆ ನೆರಳಿನ ಬೆಲೆ ಮಾರನೆಯ ಬೇಸಿಗೆಯಲ್ಲಿ ತಿಳಿಯುತ್ತದೆ.

ಇದರಿಂದ ಹೆಚ್ಚು ಪೆಟ್ಟು ಬೀಳುವುದು ಮೈಸೂರಿಗಿಂತ ಸುತ್ತಲಿನ ಸಣ್ಣ ಪೇಟೆಗಳಿಗೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಕೆನೆತ್ ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು 1980ರ ದಶಕದಲ್ಲಿ ವಾಲ್‌ಮಾರ್ಟ್ ಮಳಿಗೆಗಳ ಪರಿಣಾಮವನ್ನು ಅಭ್ಯಸಿಸಿದರು. ಮಳಿಗೆ ಬಂದ ಊರಿಗೆ ಹೊರಗಿನ ಜನ ಬರುವುದರಿಂದ ಅಲ್ಲಿನ ಹೋಟೆಲು ಮೊದಲಾದವಕ್ಕೆ ಲಾಭವೇ ಆಯಿತು. ಅದೇ ಸಾಮಾನು ಮಾರುವ ಅಂಗಡಿಗಳು ನಷ್ಟಪಟ್ಟವು. ಮಳಿಗೆಯಿಲ್ಲದ ನೆರೆಯ ಸಣ್ಣ ಊರುಗಳಂತೂ ವ್ಯಾಪಾರವನ್ನೇ ಕಳೆದುಕೊಂಡವು. ನಮ್ಮಲ್ಲಿಯೂ ಶ್ರೀರಂಗಪಟ್ಟಣದ ಕಡೆಯಿಂದ ಕುಶಾಲನಗರದತ್ತ ಚತುಷ್ಪಥ ಹೆದ್ದಾರಿಗೆ 2023ರಲ್ಲಿ ಶಂಕುಸ್ಥಾಪನೆಯಾಗಿದೆ. ರಸ್ತೆ ಒಳ್ಳೆಯದಾಗಲಿ, ನಮ್ಮ ಕಾಫಿ ಬೇಗ ಸಾಗಲಿ. ಆದರೆ ಅದೇ ರಸ್ತೆಯಲ್ಲಿ ನಮ್ಮ ಪೇಟೆಗಳ ನಗದು ಅಷ್ಟೇ ಬೇಗ ಮೈಸೂರಿಗೆ ಸಾಗುತ್ತದೆ ಎಂಬುದನ್ನು ಈಗಲೇ ತಿಳಿದಿರಬೇಕು.

ಹಾಗೆಂದು ಸಣ್ಣ ಅಂಗಡಿಯವರದು ತಪ್ಪೇ ಇಲ್ಲವೆನ್ನುವುದು ನ್ಯಾಯವಲ್ಲ. ಉದ್ರಿಯ ಗಿರಾಕಿಗೆ ಒಂದು ಬೆಲೆ, ನಗದಿನವನಿಗೆ ಒಂದು ಬೆಲೆ. ತಕ್ಕಡಿಯನ್ನು ಗಿರಾಕಿಗೆ ಕಾಣದಂತೆ ಇಡುವುದು. ಕೆಟ್ಟ ಸಾಮಾನು ಮರಳಿಸಲು ಹೋದರೆ ಮುಖ ಗಂಟಿಕ್ಕುವುದು. ಇವುಗಳಿಂದ ಬೇಸತ್ತು ದೊಡ್ಡ ಮಳಿಗೆಗೆ ಹೋದವರೂ ಇದ್ದಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅಡಿಕೆ ಬೆಳೆಯುವ ನಮಗಿಂತ ತಕ್ಕಡಿ ಹಿಡಿಯುವವರಿಗೇ ಹೆಚ್ಚು ಅನ್ವಯಿಸುತ್ತದೆ. ಸರ್ಕಾರ ಮತ್ತು ನಗರಪಾಲಿಕೆಯ ಹೊಣೆಯೂ ಇದೆ. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕೆ, ಉಳಿಸಿ ದುರಸ್ತಿ ಮಾಡಬೇಕೆ ಎಂಬ ವಾದ ನ್ಯಾಯಾಲಯದವರೆಗೂ ಹೋಗಿ ವರ್ಷಗಳೇ ಕಳೆದವು. ಅಷ್ಟು ಕಾಲ ಸಣ್ಣ ವರ್ತಕ ಬಿರುಕುಬಿಟ್ಟ ಗೋಡೆಯ ಕೆಳಗೆ ಕುಳಿತೇ ವ್ಯಾಪಾರ ಮಾಡಿದ. ಸಾರ್ವಜನಿಕ ಮಾರುಕಟ್ಟೆಯನ್ನು ಹೀಗೆ ಬಿಟ್ಟು, ಜನ ದೊಡ್ಡ ಮಳಿಗೆಗೆ ತಾವಾಗಿಯೇ ಹೋದರೆಂದು ಹೇಳಿದರೆ ಅದು ಪೂರ್ತಿ ಸತ್ಯವಾಗುವುದಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ದೊಡ್ಡ ಮಳಿಗೆಗೆ ಕಾಲಿಡಬೇಡಿ ಎಂದರೆ ಯಾರೂ ಕೇಳರು, ನಾವೂ ಪಾಲಿಸೆವು. ನಮ್ಮ ಸಲಹೆಗಳು ಸಣ್ಣವು. ಮೆಣಸು ಮಾರಿದ ಹಣ ಬಂದ ಕೂಡಲೇ ಮೈಸೂರಿಗೆ ಹೊರಡುವ ಮೊದಲು ಊರಿನ ಅಂಗಡಿಯ ಖಾತೆ ತೀರಿಸೋಣ. ನಗದಿನ ಖರೀದಿಯಲ್ಲಿ ಅರ್ಧವಾದರೂ ಅವನಿಗೆ ಸೇರಲಿ, ಬೆಲೆಯನ್ನು ಅವನೊಡನೆ ನೇರವಾಗಿ ಚರ್ಚಿಸೋಣ. ಹತ್ತು ಮನೆಗಳು ಸೇರಿ ತಿಂಗಳ ಪಟ್ಟಿಯನ್ನು ಒಟ್ಟಿಗೆ ಕೊಟ್ಟರೆ ಸಣ್ಣ ಅಂಗಡಿಯವನೂ ಬಂಡಿಪಾಳ್ಯದ ಸಗಟು ಮಾರುಕಟ್ಟೆಯಿಂದ ಅಗ್ಗಕ್ಕೆ ತರಬಲ್ಲ. ಮೈಸೂರಿಗೆ ಹೋದಾಗ ಕಾಫಿಪುಡಿಯನ್ನು, ಎಲೆ ಅಡಿಕೆಯನ್ನು ಅವುಗಳನ್ನು ಬಲ್ಲ ಅಂಗಡಿಯಲ್ಲಿಯೇ ಕೊಳ್ಳೋಣ.

ಸಂಘವಾಗಿ ಮಾಡಬೇಕಾದುದೂ ಇದೆ. 1923ರಲ್ಲಿ ಅಡಿಕೆ ಮಾರಾಟಕ್ಕೆಂದು ಹುಟ್ಟಿದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ತನ್ನದೇ ಸೂಪರ್ ಮಾರುಕಟ್ಟೆಯನ್ನು ನಡೆಸಿ ತೋರಿಸಿದೆ. ನಮ್ಮ ಸಂಘಕ್ಕೆ ಅಷ್ಟು ಶಕ್ತಿ ಇಂದಿಲ್ಲದಿರಬಹುದು. ಆದರೆ ಚಿಕೋರಿ ಬೆರೆಸದ, ಬೆರೆಸಿದರೆ ಎಷ್ಟೆಂದು ದಪ್ಪಕ್ಷರದಲ್ಲಿ ಬರೆದ, ನಮ್ಮದೇ ಬೀಜದ ಪುಡಿಯನ್ನು ಮಾಡಿ ಮೈಸೂರಿನ ಸಣ್ಣ ಅಂಗಡಿಗಳಿಗೆ ತಿಂಗಳ ಗಡುವಿನ ಮೇಲೆ ಒದಗಿಸುವುದು ನಮ್ಮ ಕೈಮೀರಿದ ಕೆಲಸವಲ್ಲ. ಅವನು ನಮಗೆ ಉದ್ರಿ ಕೊಟ್ಟಿದ್ದಾನೆ, ಈಗ ನಾವು ಅವನಿಗೆ ಕೊಡೋಣ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ನಮ್ಮ ಅಪೇಕ್ಷೆ.

ಬಿಲ್ಲಿನಲ್ಲಿ ಉಳಿದ ಹಣ ನಮ್ಮದು, ಸರಿ. ಆದರೆ ಬರುವ ಆಷಾಢದಲ್ಲಿ ಮಳೆಯಲ್ಲಿ ನೆನೆದುಕೊಂಡು ಪೇಟೆಗೆ ಹೋದಾಗ, ಬರೆದುಕೊಳ್ಳಿ ಎಂದು ಹೇಳಲು ಒಂದು ಬಾಗಿಲು ತೆರೆದಿರಬೇಕಲ್ಲವೇ? ಅದು ತೆರೆದಿರುವುದೂ ಮುಚ್ಚುವುದೂ ಈ ಬೇಸಿಗೆಯಲ್ಲಿ ನಾವು ನಗದನ್ನು ಎಲ್ಲಿ ಎಣಿಸುತ್ತೇವೆ ಎಂಬುದರ ಮೇಲಿದೆ.