ಗುಜರಿಗೆ ಹಾಕುವ ಮುನ್ನ ತಟ್ಟೆ ಸರಿಸಿ ನೋಡಿ

ಪರಿಸರದ ಮಾತು ಬಂದೊಡನೆ ನಮ್ಮ ಕಣ್ಣ ಮುಂದೆ ಕಾಡು, ಹೊಳೆ, ಗಣಿ, ಅಣೆಕಟ್ಟೆಗಳು ಬಂದು ನಿಲ್ಲುತ್ತವೆ. ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿರುವ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ನೆನಪಾಗುವುದಿಲ್ಲ. ವಿದ್ಯುತ್ತನ್ನು ಬೇಡದ, ಹೊಗೆಯುಗುಳದ, ಎರಡು ಮೂರು ತಲೆಮಾರು ಬಾಳುವ ಈ ಎರಕದ ಕಬ್ಬಿಣದ ಸಾಧನವು ಇಂದು ಸದ್ದಿಲ್ಲದೆ ಗುಜರಿಯ ಪಾಲಾಗುತ್ತಿದೆ. ತಲೆಭಾಗ ತೂಕಕ್ಕೆ ಹೋಗುತ್ತದೆ. ಕಾಲುಗಳ ಮೇಲೆ ಗಾಜು ಕೂರಿಸಿ ಹೋಂಸ್ಟೇಗಳಿಗೆ ಮೇಜು ಮಾಡುತ್ತಾರೆ. ಕಾರಣ ಕೇಳಿದರೆ ಸಿಗುವ ಉತ್ತರ ಒಂದೇ: ಬಿಡಿಭಾಗ ಸಿಗುವುದಿಲ್ಲ. ಈ ಉತ್ತರ ಬಹುಮಟ್ಟಿಗೆ ನಿಜವಲ್ಲ ಎಂಬುದು ನನ್ನ ವಾದ. ಬಿಡಿಭಾಗ ಸಿಗುತ್ತದೆ. ಯಾವ ಬಿಡಿಭಾಗ ಬೇಕೆಂದು ಹೇಳಬಲ್ಲ ತಿಳಿವಳಿಕೆ ನಮ್ಮಿಂದ ಜಾರುತ್ತಿದೆ.

ನಮ್ಮ ಬೆಟ್ಟಗಳಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟೆಯನ್ನು ದಾಟಿ, ರಾಯಚೂರು ಜಿಲ್ಲೆಯ ಬಯಲನ್ನು ಸೇರುತ್ತಾರೆ. ಅಲ್ಲಿ ಮಾನ್ವಿ ಸೀಮೆಯ ಹೊಳೆದಂಡೆಯಲ್ಲಿ ಹರಿದಾಸ ಪರಂಪರೆಯ ವಿಜಯದಾಸರ ಊರಾದ ಚೀಕಲಪರ್ವಿ ಇದೆ. ಮಣ್ಣಿನ ಕೆಲಸದ ಮೇಲೆ ಆ ಕಡೆಗೆ ಹೋಗಿದ್ದಾಗ, ಕುಬಸ ಹೊಲಿದು ಸಂಸಾರ ತೂಗಿಸುವ ಹೆಣ್ಣುಮಗಳೊಬ್ಬರು ಅತ್ತೆಯ ಕಾಲದ ಯಂತ್ರವನ್ನು ತೂಕಕ್ಕೆ ಮಾರಲು ಸಿದ್ಧರಾಗಿದ್ದರು. "ಇದರ ಸಾಮಾನು ಬರೋದು ನಿಂತೈತ್ರಿ ಅಕ್ಕಾರ, ಹೊಸಾದು ತಗೋರಿ" ಎಂದು ಪಟ್ಟಣದ ಅಂಗಡಿಯೊಂದರಲ್ಲಿ ಹೇಳಿ ಕಳಿಸಿದ್ದರಂತೆ. ತಟ್ಟೆ ಸರಿಸಿ ನೋಡಿದರೆ ಬಾಬಿನ್ ಕೇಸಿನ ಸ್ಪ್ರಿಂಗ್ ಸವೆದಿತ್ತು, ಉಳಿದದ್ದೆಲ್ಲ ಗಟ್ಟಿಯಾಗಿತ್ತು. ಹಳೆಯ ಕೇಸನ್ನೇ ರಾಯಚೂರಿಗೆ ಒಯ್ದು, ಅದೇ ವರ್ಗದ ಹೊಸ ಕೇಸು ತಂದು ಹಾಕಿದ ಮೇಲೆ ಯಂತ್ರ ಹೊಲಿಯತೊಡಗಿತು. ಅವರು ಅಂಗಡಿಯಲ್ಲಿ ಕೇಳಿದ್ದು ಯಂತ್ರದ ಮೇಲಿನ ಕಂಪನಿಯ ಹೆಸರನ್ನು. ಕೇಳಬೇಕಾದದ್ದು ವರ್ಗವನ್ನು.

ಈ 'ವರ್ಗ' ಎಂಬುದೇ ಇಡೀ ವಿಷಯದ ಕೀಲಿಕೈ. ಸಿಂಗರ್ ಕಂಪನಿಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪಿಸಿದ '15ನೆಯ ಕ್ಲಾಸ್' ಯಂತ್ರವನ್ನು ಕಾಲಾನಂತರದಲ್ಲಿ ಜಗತ್ತಿನ ಅನೇಕ ತಯಾರಕರು ಅನುಕರಿಸಿದರು. ಎರಡನೆಯ ಮಹಾಯುದ್ಧದ ಬಳಿಕ ಜಪಾನಿನ ಕಾರ್ಖಾನೆಗಳು ಅದನ್ನೇ ತಮ್ಮ ಸಾಮಾನ್ಯ ಮಾದರಿಯಾಗಿ ಸ್ವೀಕರಿಸಿದವು. ನಮ್ಮಲ್ಲಿ 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರ ಹುಟ್ಟಿತು; ಮುಂದೆ ಲುಧಿಯಾನ ಹೊಲಿಗೆ ಯಂತ್ರ ಹಾಗೂ ಬಿಡಿಭಾಗಗಳ ದೊಡ್ಡ ಕೇಂದ್ರವಾಯಿತು. ಹೆಸರು ಬೇರೆ, ಬಣ್ಣದ ಹೂಬಳ್ಳಿ ಬೇರೆ. ಒಳಗಿನ ಅಳತೆ ಬಹುತೇಕ ಒಂದೇ. ಆದ್ದರಿಂದಲೇ ಇಂದು ತಯಾರಾದ ಬಾಬಿನ್, ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನಲ್ಲಿ ಎರಕಗೊಂಡ ಯಂತ್ರಕ್ಕೂ ಹೊಂದುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲು ಸೂಜಿಯ ಬಳಿಯ ಜಾರುತಟ್ಟೆಯನ್ನು ಸರಿಸಿ ಕೆಳಗಿನ ದಾರ ಎಲ್ಲಿ ಕೂತಿದೆ ಎಂದು ನೋಡಬೇಕು. ಮನೆಬಳಕೆಯ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೂರು ಕುಟುಂಬಗಳು ಕಾಣಸಿಗುತ್ತವೆ. ದುಂಡನೆಯ ಬಾಬಿನ್ ಬಿಡಿಸಿ ತೆಗೆಯಬಹುದಾದ ಕೇಸಿನೊಳಗೆ ನೆಟ್ಟಗೆ, ಚಕ್ರದಂತೆ ನಿಂತಿದ್ದರೆ ಅದು 15ನೆಯ ಕ್ಲಾಸ್. ಇದರ ಬಾಬಿನ್ನಿನ ಎರಡೂ ಬದಿ ಸಪಾಟು. ವ್ಯಾಸ ಸುಮಾರು 20 ಮಿ.ಮೀ., ಎತ್ತರ ಸುಮಾರು 11.7 ಮಿ.ಮೀ. ದುಂಡು ಬಾಬಿನ್ ಮೇಲಿನಿಂದ ಇಳಿಬಿಟ್ಟಂತೆ ಅಡ್ಡಲಾಗಿ ಮಲಗಿದ್ದರೆ ಅದು 66ನೆಯ ಕ್ಲಾಸ್; ಅದರ ಬಾಬಿನ್ನಿನ ಬದಿಗಳು ತುಸು ಉಬ್ಬಿರುತ್ತವೆ. ಉದ್ದನೆಯ, ಕಡ್ಡಿಯಂಥ ಬಾಬಿನ್ ದೋಣಿಯಾಕಾರದ ಲಾಳಿಯೊಳಗೆ ಕೂತು ಅತ್ತಿತ್ತ ತೂಗುತ್ತಿದ್ದರೆ ಅದು 27, 28, 127, 128ರ ಹಳೆಯ ಬಳಗ. ಈ ಕೊನೆಯ ಬಳಗದ ಬಿಡಿಭಾಗಗಳು ಈಗಲೂ ತಯಾರಾಗುತ್ತವೆ. ಆದರೆ ಸಣ್ಣ ಊರಿನ ಅಂಗಡಿಗಳಲ್ಲಿ ಸಿಗುವುದು ಕಷ್ಟ, ದೂರದಿಂದ ತರಿಸಬೇಕಾದೀತು. ಒಂದು ಕುಟುಂಬದ ಬಾಬಿನ್ನನ್ನು ಇನ್ನೊಂದಕ್ಕೆ ಒತ್ತಾಯದಿಂದ ಕೂರಿಸಿದರೆ ದಾರ ಸಿಕ್ಕಿಕೊಳ್ಳುತ್ತದೆ. ದೋಷ ಮಾತ್ರ ಯಂತ್ರದ ತಲೆಗೆ ಬರುತ್ತದೆ.

ಎರಡನೆಯದು ಸೂಜಿ. ಈ ಮೂರೂ ಕುಟುಂಬಗಳು ಬಳಸುವುದು ಬುಡ ಒಂದು ಬದಿಯಲ್ಲಿ ಚಪ್ಪಟೆಯಾಗಿರುವ ಸೂಜಿಯನ್ನು. ಪೊಟ್ಟಣದ ಮೇಲೆ 15×1, ಎಚ್‌ಎ×1, 130/705 ಎಚ್ ಎಂದು ಮೂರು ಬಗೆಯಾಗಿ ಬರೆದಿರಬಹುದು, ಮೂರೂ ಒಂದೇ. 14/90 ಎಂಬ ಅಂಕೆಯಲ್ಲಿ 90 ಎಂದರೆ ಸೂಜಿಯ ದಪ್ಪ 0.90 ಮಿ.ಮೀ. ಎಂದರ್ಥ. ಬುಡ ಪೂರ್ತಿ ದುಂಡಗಿರುವ ಸೂಜಿ ಕಾರ್ಖಾನೆಯ ವೇಗದ ಯಂತ್ರಗಳದ್ದು. ಅದನ್ನು ಇಲ್ಲಿ ಹಾಕಿದರೆ ಹೊಲಿಗೆ ತಪ್ಪುತ್ತದೆ. ಸೂಜಿಯ ಉದ್ದನೆಯ ಗೀರು ದಾರ ಒಳಹೋಗುವ ಬದಿಗಿರಬೇಕು, ಕಣ್ಣಿನ ಹಿಂದಿನ ತಗ್ಗು ಶಟಲ್ಲಿನ ಕೊಕ್ಕಿನ ಬದಿಗಿರಬೇಕು.

ಮೂರನೆಯದು ಯಂತ್ರದ ಮೇಲಿನ ಬರಹ. ಸಿಂಗರ್ ಯಂತ್ರದ ಪೀಠದ ಬಲಬದಿಯಲ್ಲಿ ಅಕ್ಷರ ಸಹಿತವಾದ ಒಂದು ಸಂಖ್ಯೆ ಇರುತ್ತದೆ. ಎಫ್, ವೈ ಮೊದಲಾದ ಅಕ್ಷರಗಳಿದ್ದರೆ ಅದು 1885ರಿಂದ 1980ರವರೆಗೆ ನಡೆದ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದ್ದು. ಆದರೆ ಈ ಸಂಖ್ಯೆ ಹೇಳುವುದು ಯಂತ್ರದ ವಯಸ್ಸನ್ನು ಮಾತ್ರ, ಬಿಡಿಭಾಗವನ್ನಲ್ಲ. ಅಸಲಿ ಬಿಡಿಭಾಗಗಳ ಮೇಲೆ ಅನೇಕ ವೇಳೆ 'ಸಿಮಾಂಕೊ' ಎಂಬ ಮುದ್ರೆಯೂ ಆ ಭಾಗದ ಸಂಖ್ಯೆಯೂ ಇರುತ್ತವೆ. ಕೊಳ್ಳುವಾಗ ನೆರವಾಗುವುದು ಆ ಸಂಖ್ಯೆಯೇ. ಸ್ಕ್ರೂಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅವುಗಳ ಮರೆಗಳು ಕಂಪನಿಯ ಸ್ವಂತ ಅಳತೆಯವು. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಸ್ಕ್ರೂ ತಿರುಗಿಸಿದರೆ ಪೀಠದ ಮರೆಯೇ ಹಾಳಾಗುತ್ತದೆ. ಕಾಲಿನ ಚಕ್ರದಿಂದ ತಲೆಗೆ ಹೋಗುವ ಚರ್ಮದ ದುಂಡು ಬೆಲ್ಟಿನ ದಪ್ಪ ಸುಮಾರು 5 ಮಿ.ಮೀ. ಅದು ಸಡಿಲವಾದರೆ ತುಂಡು ಕತ್ತರಿಸಿ ತಂತಿಯಿಂದ ಮತ್ತೆ ಸೇರಿಸಿದರೆ ಸಾಕು. ಅತಿ ಬಿಗಿಯಾದರೆ ತುಳಿತ ಭಾರವಾಗುತ್ತದೆ.

'ಜಾಮ್ ಆಗಿದೆ' ಎಂದು ಎಸೆಯುವ ಯಂತ್ರಗಳ ಬಗ್ಗೆ ಒಂದು ಮಾತು. ಹಲವು ಮನೆಗಳಲ್ಲಿ ಹೊಲಿಗೆ ಯಂತ್ರಕ್ಕೆ ಅಡುಗೆ ಎಣ್ಣೆ ಬಿಡುತ್ತಾರೆ. ಶೇಂಗಾ, ಸೂರ್ಯಕಾಂತಿ, ಕುಸುಬೆ ಎಣ್ಣೆಗಳ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ಕ್ರಮೇಣ ಅಂಟಾಗಿ, ಗಟ್ಟಿ ಪೊರೆಯಾಗುತ್ತವೆ. ಯಂತ್ರ ಕೆಟ್ಟಿಲ್ಲ, ಅಂಟಿಕೊಂಡಿದೆ ಅಷ್ಟೆ. ಒಲೆ ದೀಪಗಳಿಂದ ದೂರವಿಟ್ಟು, ಎಣ್ಣೆರಂಧ್ರಗಳಿಗೆ ಸೀಮೆಎಣ್ಣೆ ಹನಿಸಿ, ಒಂದೆರಡು ದಿನ ಬಿಟ್ಟು, ಚಕ್ರವನ್ನು ಮೆಲ್ಲನೆ ಅಲುಗಿಸುತ್ತ ಬಂದರೆ ಎಷ್ಟೋ ಯಂತ್ರಗಳು ಬಿಡಿಸಿಕೊಳ್ಳುತ್ತವೆ. ಬಳಿಕ ಒರೆಸಿ ಹೊಲಿಗೆ ಯಂತ್ರದ ಎಣ್ಣೆಯನ್ನೇ ಬಿಡಬೇಕು.

ಯಂತ್ರನಾಗರಿಕತೆಯನ್ನು ಕಟುವಾಗಿ ವಿಮರ್ಶಿಸಿದ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರೆಂಬುದು ಬಲ್ಲವರಿಗೆ ಗೊತ್ತು. 1924ರಲ್ಲಿ ರಾಮಚಂದ್ರನ್ ಅವರೊಡನೆ ನಡೆದ ಸಂವಾದದಲ್ಲಿ, ಈ ಯಂತ್ರವನ್ನು ತಯಾರಿಸಲು ಕಾರ್ಖಾನೆ ಬೇಕಾಗುವುದಲ್ಲವೇ ಎಂಬ ಪ್ರಶ್ನೆ ಬಂದಾಗ, ಅಂಥ ಕಾರ್ಖಾನೆಗಳು ರಾಷ್ಟ್ರದ ಒಡೆತನದಲ್ಲೋ ನಿಯಂತ್ರಣದಲ್ಲೋ ಇರಬೇಕೆಂಬುದು ಅವರ ನಿಲುವಾಗಿತ್ತು. ಸಾಧನ ಯಾರ ಕೈಯಲ್ಲಿದೆ ಎಂಬುದೇ ಅವರಿಗೆ ಮುಖ್ಯ. ಇದಕ್ಕೆ ಇನ್ನೊಂದನ್ನು ಸೇರಿಸಬೇಕೆನಿಸುತ್ತದೆ. ದುರಸ್ತಿ ಯಾರ ಕೈಯಲ್ಲಿದೆಯೋ ಸಾಧನವೂ ಅವರದೇ. ಒಳಗಿನ ಅಳತೆ ಗುಟ್ಟಾಗಿದ್ದರೆ ಒಡೆತನ ಬರೀ ಕಾಗದದ ಮೇಲಿನದು.

ಕೇಂದ್ರ ಸರ್ಕಾರ 2022ರಲ್ಲಿ 'ದುರಸ್ತಿಯ ಹಕ್ಕು' ಕುರಿತ ಸಮಿತಿಯನ್ನೂ ಜಾಲತಾಣವನ್ನೂ ರೂಪಿಸಿತು. ಕಂಪನಿಗಳ ಕೈಪಿಡಿ, ಸೇವಾಕೇಂದ್ರಗಳ ಮಾಹಿತಿ ಅಲ್ಲಿ ಸಿಗುವುದು ಒಳ್ಳೆಯದೇ. ಆದರೆ ಹಳೆಯ ಯಂತ್ರ ಕಲಿಸುವ ಪಾಠ ಇನ್ನೂ ಆಳವಾದದ್ದು: ಹಲವು ತಯಾರಕರು ಒಂದೇ ಅಳತೆಗೆ ಬದ್ಧರಾದರೆ ಮಾತ್ರ ವಸ್ತು ತಲೆಮಾರು ದಾಟುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು; ಉಪಕರಣಕ್ಕಾಗಿ 15,000 ರೂಪಾಯಿವರೆಗೆ ನೆರವಿದೆ. ಹೊಸ ಯಂತ್ರ ಬೇಕಾದವರಿಗೆ ಅದು ಬರಲಿ. ಜೊತೆಗೆ ಮನೆಯಲ್ಲಿರುವ ಹಳೆಯ ಯಂತ್ರವನ್ನು ಸರಿಪಡಿಸಿಕೊಳ್ಳಲು ಆ ಹಣದ ಒಂದು ಪಾಲು ಸಲ್ಲಲಿ. ತರಬೇತಿಯ ದಿನಗಳಲ್ಲಿ ಒಂದು ದಿನ ಬಿಡಿಭಾಗ ಗುರುತಿಸುವ ಪಾಠಕ್ಕೆ ಮೀಸಲಾಗಲಿ. ಮಾರಾಟಗಾರರು ಪೊಟ್ಟಣದ ಮೇಲೆ ವರ್ಗದ ಸಂಖ್ಯೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ.

ಬೀಜದ ಕೆಲಸ ಮಾಡುವವರಿಗೆ ಇದು ಹೊಸ ಮಾತಲ್ಲ. ಕಣಜದಲ್ಲಿ ಬೀಜ ಉಳಿದರಷ್ಟೇ ತಳಿ ಉಳಿಯದು, ಹೊಲದಲ್ಲಿ ನಿಂತು ಇದು ಇಂಥ ತಳಿ ಎಂದು ಗುರುತಿಸುವ ಕಣ್ಣು ಉಳಿಯಬೇಕು. ಯಂತ್ರದ ವಿಷಯವೂ ಹಾಗೆಯೇ. ಓದುಗ ಮಿತ್ರರು ತಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇರುವ ಯಂತ್ರದ ತಟ್ಟೆಯನ್ನು ಈ ವಾರ ಒಮ್ಮೆ ಸರಿಸಿ ನೋಡಲಿ. ಬಾಬಿನ್ನಿನ ವರ್ಗ, ಸೂಜಿಯ ಸಂಖ್ಯೆ, ಬೆಲ್ಟಿನ ಅಳತೆ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಖಾನೆಯೊಳಗೆ ಅಂಟಿಸಲಿ. ಮುಂದೆ ಆ ಯಂತ್ರವನ್ನು ತುಳಿಯುವವರು ಅಂಗಡಿಗೆ ಹೋದಾಗ 'ಸಿಗುವುದಿಲ್ಲ' ಎಂಬ ಮಾತು ಕೇಳಿ ಬರಿಗೈಯಲ್ಲಿ ಮರಳಬೇಕಾಗುವುದಿಲ್ಲ.