ಮಗನಿಗೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕಂತೆ!

ಊರಿನಲ್ಲಿರುವ ತಂದೆತಾಯಿಗಳಿಗೆ ನೇರವಾಗಿ ಒಂದು ಮಾತು. ಮುಂಬೈಗೋ ಪುಣೆಗೋ ಬಂದ ನಿಮ್ಮ ಮಗ ಫೋನು ಮಾಡಿ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತ ಹಟ ಹಿಡಿದಿದ್ದರೆ, ನಿಮ್ಮ ಕೈಯಲ್ಲಿರುವುದು ಎಣಿಸಿಟ್ಟ ದುಡ್ಡಾಗಿದ್ದರೆ, ದಯವಿಟ್ಟು ಕೊಡಿಸಬೇಡಿ. ಡೆಸ್ಕ್‌ಟಾಪ್ ಕೊಡಿಸಿ. ದುಡ್ಡು ಧಾರಾಳವಾಗಿರುವವರು ಈ ಪುಟ ಮಗುಚಿ ಮುಂದೆ ಹೋಗಬಹುದು, ಅವರ ಮೇಲೆ ನನ್ನ ತಕರಾರಿಲ್ಲ.

ನಾನು ಕಂಪ್ಯೂಟರ್ ಪಂಡಿತನಲ್ಲ. ಎಂ.ಕಾಂ. ಓದಿ ಬ್ಯಾಂಕು ಸೇರಿದವನು. ಡೊಂಬಿವಲಿಯಲ್ಲಿ ಮೂವತ್ತು ವರ್ಷಕ್ಕೂ ಮೇಲಾಯಿತು. ನಿವೃತ್ತನಾದ ಮೇಲೆ ನನ್ನ ಹತ್ತಿರ ಯಾರೂ ಸಾಲ ಕೇಳುವುದಿಲ್ಲ, ಸಲಹೆ ಕೇಳುತ್ತಾರೆ. ಜೂನ್-ಜುಲೈ ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಫೋನು ಶುರು. ಒಬ್ಬರಂತೂ ಹೆಂಡತಿಯ ಬಳೆ ಒತ್ತೆಯಿಟ್ಟು ಹಣ ಹೊಂದಿಸಿಯಾದ ಮೇಲೆ ನನ್ನನ್ನು ಕೇಳಿದರು. ಬಂಗಾರದ ಸಾಲ ತೆಗೆದು ಕೊಳ್ಳುವ ವಸ್ತುವೇ ಸ್ವಾಮಿ ಇದು? ಆದಾಯ ತೆರಿಗೆಯ ಲೆಕ್ಕದಲ್ಲೇ 2017-18ರಿಂದ ಕಂಪ್ಯೂಟರಿಗೆ ವರ್ಷಕ್ಕೆ ಶೇಕಡಾ 40 ಸವಕಳಿ. ಅದಕ್ಕೂ ಮುಂಚೆ 60 ಇತ್ತು. ಶೇಕಡಾ 40ರ ಪ್ರಕಾರ ರೂ. 90,000ದ ಮಾಲು ಮೂರು ವರ್ಷಕ್ಕೆ ರೂ. 19,440 ಆಗುತ್ತದೆ. ಬಳೆಯ ಬಡ್ಡಿ ಮಾತ್ರ ಸವೆಯುವುದಿಲ್ಲ.

ಸಾಲದ ಅರ್ಜಿಯಲ್ಲಿ 'ಉದ್ದೇಶ' ಅಂತ ಒಂದು ಕಾಲಂ ಇರುತ್ತದೆ. ನಮ್ಮ ಹುಡುಗರು ಅಲ್ಲಿ 'ಪ್ರಾಜೆಕ್ಟಿಗೆ' ಅಂತ ತುಂಬುತ್ತಾರೆ. ಬಹುಪಾಲು ಪ್ರಾಜೆಕ್ಟಿಗೆ, ಪ್ರೋಗ್ರಾಮಿಂಗಿಗೆ, ಎಕ್ಸೆಲ್ಲಿಗೆ ಸಾದಾ ಲ್ಯಾಪ್‌ಟಾಪು ಸಾಕು. ದೊಡ್ಡ ಗ್ರಾಫಿಕ್ಸ್ ಕಾರ್ಡು ಬೇಕಾಗುವುದು ಆಟಕ್ಕೆ, ವಿಡಿಯೋ ಎಡಿಟಿಂಗಿಗೆ, ಅಂಥ ಕೆಲವು ಕೆಲಸಕ್ಕೆ. ಆಟ ಆಡಬೇಕು ಅಂತ ನೇರವಾಗಿ ಹೇಳಲಿ, ಅದರಲ್ಲೇನು ತಪ್ಪು? ನಾವು ಇಸ್ಪೀಟು ಆಡಲಿಲ್ಲವೇ? ಪರ ಊರಿನಲ್ಲಿ ರಾತ್ರಿ ಎಂಟಕ್ಕೆ ರೂಮು ಸೇರಿದವನಿಗೆ ಮಾತಾಡಲು ಒಬ್ಬರಿರುವುದಿಲ್ಲ. ಜೊತೆಗೆ ಓದಿದವರು ಒಬ್ಬ ಹೈದರಾಬಾದಿನಲ್ಲಿ, ಒಬ್ಬ ಚೆನ್ನೈಯಲ್ಲಿ. ಹತ್ತು ಗಂಟೆಗೆ ಎಲ್ಲರೂ ಒಂದೇ ಆಟದೊಳಗೆ ಸೇರಿ ಕನ್ನಡದಲ್ಲಿ ಬೈದಾಡಿಕೊಳ್ಳುತ್ತಾರೆ. ನಮ್ಮ ಪಕ್ಕದ ರೂಮಿನ ಹುಡುಗನ ಬೈಗುಳ ಗೋಡೆ ದಾಟಿ ಬಂದಾಗ ನನಗೆ ಸಿಟ್ಟು ಬರುವುದಿಲ್ಲ. ಈ ಕಟ್ಟಡದಲ್ಲಿ ಅಷ್ಟು ಗಟ್ಟಿಯಾಗಿ ಕನ್ನಡ ಬೇರೆಲ್ಲೂ ಕೇಳಿಸುವುದಿಲ್ಲ. ಆದ್ದರಿಂದ ಆಟ ಬೇಡ ಅಂತ ನಾನು ಹೇಳುತ್ತಿಲ್ಲ. ಆಡುವ ಯಂತ್ರ ಯಾವುದು ಅನ್ನುವುದಷ್ಟೇ ಜಗಳ.

'ಲ್ಯಾಪ್‌ಟಾಪಾದರೆ ಎಲ್ಲಿಗೆ ಬೇಕಾದರೂ ಒಯ್ಯಬಹುದು' ಅಂತಾರೆ. ಎಲ್ಲಿಗೆ ಒಯ್ಯುತ್ತಾನೆ? ಗೇಮಿಂಗ್ ಲ್ಯಾಪ್‌ಟಾಪು ಸಾಮಾನ್ಯವಾಗಿ ಎರಡೂಕಾಲು, ಎರಡೂವರೆ ಕಿಲೋ. ಇಟ್ಟಿಗೆಯಂಥ ಚಾರ್ಜರು ಸೇರಿದರೆ ಮೂರು ಕಿಲೋದ ಹತ್ತಿರ. ಬೆಳಿಗ್ಗೆ ಎಂಟೂವರೆಗೆ ಡೊಂಬಿವಲಿಯಲ್ಲಿ ಸಿಎಸ್‌ಎಂಟಿ ಕಡೆಯ ಫಾಸ್ಟ್ ಲೋಕಲ್ ಹತ್ತಿ ನೋಡಿ. ಚೀಲ ಬೆನ್ನಿಗಲ್ಲ, ಎದೆಗೆ ಕಟ್ಟಿಕೊಳ್ಳಬೇಕು. ಊಟದ ಡಬ್ಬಿಯೇ ಜಜ್ಜಿಹೋಗುವ ಆ ಗರ್ದಿಯಲ್ಲಿ ತೊಂಬತ್ತು ಸಾವಿರದ ಪರದೆಯೇ? ಬುದ್ಧಿಯಿರುವ ಹುಡುಗ ವಾರದೊಳಗೆ ಅದನ್ನು ರೂಮಿನಲ್ಲೇ ಬಿಟ್ಟು ಹೋಗುತ್ತಾನೆ. ಬ್ಯಾಟರಿಯ ಮೇಲೆ ಆಡಿದರೆ ವೇಗ ತಗ್ಗುತ್ತದೆ, ಒಂದು-ಒಂದೂವರೆ ಗಂಟೆಗೆ ಬ್ಯಾಟರಿಯೂ ಮುಗಿಯುತ್ತದೆ. ಆಮೇಲೆ ಪ್ಲಗ್ಗಿಗೇ ಕಟ್ಟಿಹಾಕಬೇಕು. ಗೋಡೆಗೆ ಕಟ್ಟಿದ ಲ್ಯಾಪ್‌ಟಾಪು ಅಂದರೆ ಬಿಚ್ಚಲಾಗದ, ಬೆಳೆಸಲಾಗದ ಡೆಸ್ಕ್‌ಟಾಪು, ಅಷ್ಟೇ.

ಇನ್ನು ಹೆಸರಿನ ವಿಷಯ. 2025ರಲ್ಲಿ ಬಂದ ಆರ್‌ಟಿಎಕ್ಸ್ 5070 ಅನ್ನುವ ಕಾರ್ಡು ಡೆಸ್ಕ್‌ಟಾಪಿನದಾದರೆ 12 ಜಿಬಿ ಮೆಮೊರಿ, 6,144 ಕೋರು, 250 ವ್ಯಾಟ್. ಅದೇ 5070 ಲ್ಯಾಪ್‌ಟಾಪಿನೊಳಗೆ ಕೂತಾಗ 8 ಜಿಬಿ, 4,608 ಕೋರು, ವಿದ್ಯುತ್ತು ಅರ್ಧಕ್ಕಿಂತ ಕಡಿಮೆ. 'ಲ್ಯಾಪ್‌ಟಾಪ್ ಜಿಪಿಯು' ಅಂತ ಪಟ್ಟಿಯಲ್ಲಿ ಬರೆದಿರುತ್ತದೆ, ನಿಜ. ಆದರೆ ಅಂಗಡಿಯವನು ನಂಬರನ್ನಷ್ಟೇ ಓದಿ ಹೇಳುತ್ತಾನೆ. ಒಂದೇ ಹೆಸರಿನ ಇಬ್ಬರು ಖಾತೆದಾರರಿದ್ದರೆ ನಾವು ಸಹಿ ತಾಳೆ ನೋಡದೆ ಹಣ ಕೊಡುತ್ತಿದ್ದೆವೇ?

ಎಲ್ಲಕ್ಕಿಂತ ನನ್ನ ರಕ್ತ ಕುದಿಸುವುದು 'ನೋ ಕಾಸ್ಟ್ ಇಎಂಐ'. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಸುತ್ತೋಲೆ ಹೊರಡಿಸಿತ್ತು. ಬಾಗಿಲಲ್ಲಿ ಹೋದದ್ದು ಕಿಟಕಿಯಲ್ಲಿ ಬಂತು. ಲೆಕ್ಕ ನೋಡಿ: ರೂ. 90,000ದ ಲ್ಯಾಪ್‌ಟಾಪು, 12 ಕಂತು, ಕಂತಿಗೆ 7,500. ಕಾರ್ಡಿನ ಬ್ಯಾಂಕು ಶೇಕಡಾ 15 ಬಡ್ಡಿ ಹಾಕುತ್ತದೆ ಅಂತಿಟ್ಟುಕೊಳ್ಳಿ. ಆಗ ಅಸಲು ಸುಮಾರು 83,100, ಬಡ್ಡಿ 6,900. ಆ ಬಡ್ಡಿಯಷ್ಟನ್ನು ಮಾರುವವರು ಮೊದಲೇ ರಿಯಾಯಿತಿಯಾಗಿ ಕಳೆದಿರುತ್ತಾರೆ, ಅದಕ್ಕೇ 'ನೋ ಕಾಸ್ಟ್'. ಆದರೆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, ಅಂದರೆ ಸುಮಾರು 1,240 ರೂಪಾಯಿ, ನಿಮ್ಮ ತಲೆಗೆ. ಪ್ರೊಸೆಸಿಂಗ್ ಶುಲ್ಕ ಇದ್ದರೆ ಅದು ಬೇರೆ, ಅದರ ಮೇಲೂ ಜಿಎಸ್‌ಟಿ. ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ: ಕಂತಿನವನಿಗೆ 6,900 ಬಿಡಲು ಸಾಧ್ಯವಾದರೆ, ಪೂರ್ತಿ ಹಣ ಎಣಿಸಿಕೊಡುವ ನಿಮಗೆ ಯಾಕೆ ಬಿಡುವುದಿಲ್ಲ? ಕೇಳಿ. ನಾಚಿಕೊಳ್ಳದೆ ಕೇಳಿ.

ಡೆಸ್ಕ್‌ಟಾಪಿನಲ್ಲಿ ಈ ಬ್ಯಾಂಕಿನ ಕಂತೇ ಬೇಡ, ಯಂತ್ರವನ್ನೇ ಕಂತಿನಲ್ಲಿ ಕೊಳ್ಳಬಹುದು. ಇದೇ ನನ್ನ ಮುಖ್ಯ ವಾದ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರು ಬರುತ್ತದೆ, 2024ರಲ್ಲಿ ಬಂದ ರೈಜನ್ 5 8600ಜಿ ಥರದ್ದು. ಅದರಲ್ಲಿ ವ್ಯಾಲರಂಟಿನಂಥ ಹಗುರ ಆಟಗಳು ಸಲೀಸಾಗಿ ನಡೆಯುತ್ತವೆ. ಈ ವರ್ಷ ಅಷ್ಟಕ್ಕೇ ನಿಲ್ಲಿಸಿ. ಬರುವ ವರ್ಷ ಅಡಿಕೆ ಮಾರಿದಾಗಲೋ, ಹುಡುಗನ ಕೈಗೆ ದೀಪಾವಳಿ ಬೋನಸ್ಸು ಬಂದಾಗಲೋ ಗ್ರಾಫಿಕ್ಸ್ ಕಾರ್ಡು ಹಾಕಿಸಿ. ಪವರ್ ಸಪ್ಲೈ ಮಾತ್ರ ಮೊದಲೇ ಮುಂದಿನ ಕಾರ್ಡಿಗೂ ಸಾಲುವಷ್ಟು ದೊಡ್ಡದು, ಒಳ್ಳೆಯದು ಇರಲಿ. ಸವಕಳಿ ಇದಕ್ಕೂ ಇದೆ. ಆದರೆ ಇಲ್ಲಿ ಹಳತಾದ ಭಾಗವನ್ನಷ್ಟೇ ಬದಲಾಯಿಸುತ್ತೀರಿ. 2017ರಲ್ಲಿ ಎಎಂ4 ಬೋರ್ಡು ಕೊಂಡ ಎಷ್ಟೋ ಜನ 2022ರ ಪ್ರೊಸೆಸರನ್ನು ಅದೇ ಬೋರ್ಡಿಗೆ ಕೂರಿಸಿದರು. ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರೂ ಗ್ರಾಫಿಕ್ಸೂ ಬಹುತೇಕ ಬೆಸುಗೆ ಹಾಕಿದವು. ಒಂದು ಕೆಟ್ಟರೆ ಇಡೀ ಬೋರ್ಡು. ವಾರಂಟಿಯೂ ಹಾಗೆ: ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ 1 ವರ್ಷ, ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ 3 ವರ್ಷ.

ಎದುರು ವಾದಗಳನ್ನೂ ಬಲ್ಲೆ. ಮಾನಿಟರು, ಕೀಬೋರ್ಡು, ಯುಪಿಎಸ್ಸು ಸೇರಿಸಿದರೆ ಮೊದಲ ದಿನದ ಉಳಿತಾಯ ಹೆಚ್ಚಿರುವುದಿಲ್ಲ, ಒಪ್ಪಿದೆ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಮೆಮೊರಿ ಬೆಲೆ ವಿಪರೀತ ಏರಿತು, ಅದೂ ನಿಜ. ಆದರೆ ಆ ಏಟು ಲ್ಯಾಪ್‌ಟಾಪಿಗೂ ಬೀಳುತ್ತದೆ. ಊರಿನಲ್ಲಿ ನಿಮಗೆ ಕರೆಂಟು ಹೋಗುವ ಭಯ. ಇಲ್ಲಿ ಅದು ಊರಿನಷ್ಟಿಲ್ಲ, ಆಟ ಮುಚ್ಚಿ ಯಂತ್ರ ಆರಿಸುವಷ್ಟು ಹೊತ್ತಿಗೆ ಸಣ್ಣ ಯುಪಿಎಸ್ಸು ಸಾಕು. ಹಾಸ್ಟೆಲಿನಲ್ಲಿ ಡೆಸ್ಕ್‌ಟಾಪಿಗೆ ಅನುಮತಿ ಇಲ್ಲದಿದ್ದರೆ, ಮೂರು ತಿಂಗಳಿಗೊಮ್ಮೆ ಸೈಟು ಬದಲಾಗುವ ನೌಕರಿಯಾದರೆ ನನ್ನ ವಾದ ಬಿಟ್ಟುಬಿಡಿ. ಕಾಲೇಜಿಗೆ ದಿನಾ ಒಯ್ಯಲೇಬೇಕು ಅಂದರೆ ಹಗುರವಾದ ಸಾದಾ ಲ್ಯಾಪ್‌ಟಾಪು ಈಗ, ಆಟದ ಡೆಸ್ಕ್‌ಟಾಪು ಆಮೇಲೆ.

ಬಿಡಿ ಭಾಗಗಳು ನಿಮ್ಮ ಜಿಲ್ಲಾ ಕೇಂದ್ರದಲ್ಲಿ ಸಿಗುವುದು ಕಷ್ಟ. ಅಲ್ಲಿ ಸಾಲಾಗಿ ಲ್ಯಾಪ್‌ಟಾಪೇ ಜೋಡಿಸಿಟ್ಟಿರುತ್ತಾರೆ, ಅದಕ್ಕೇ ನಿಮಗೂ ಅದೊಂದೇ ದಾರಿ ಅನ್ನಿಸುವುದು. ಮಗ ಇರುವ ಊರಿನಲ್ಲೇ ಕೊಳ್ಳಲಿ: ಮುಂಬೈಯಾದರೆ ಲ್ಯಾಮಿಂಗ್ಟನ್ ರೋಡು, ಚೆನ್ನೈಯಾದರೆ ರಿಚ್ಚಿ ಸ್ಟ್ರೀಟು, ದೆಹಲಿಯಾದರೆ ನೆಹರು ಪ್ಲೇಸು. ಮೂರು ಅಂಗಡಿಯ ಕೊಟೇಶನ್ ತರಲಿ. ಜಿಎಸ್‌ಟಿ ಬಿಲ್ಲಿಲ್ಲದೆ ಐನೂರು ಕಡಿಮೆ ಮಾಡುತ್ತೇನೆ ಅಂದವನ ಅಂಗಡಿಯಿಂದ ಹೊರಗೆ ಬರಲಿ, ವಾರಂಟಿ ಕೇಳುವಾಗ ಆ ಬಿಲ್ಲೇ ಪಾಸ್‌ಬುಕ್ಕು.

ಕೊನೆಯದಾಗಿ ಮನೆ ಬದಲಿಸುವ ಮಾತು. ಇಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. 'ಅಂಕಲ್, ಪ್ರತಿ ಸಲ ಅಷ್ಟು ದೊಡ್ಡ ಡಬ್ಬ ಹೊರಬೇಕಲ್ಲ' ಅಂತಾರೆ ಹುಡುಗರು. ಗಾದಿ, ಗ್ಯಾಸಿನ ಒಲೆ, ಅಮ್ಮ ಕಳಿಸಿದ ಅಕ್ಕಿ ಚೀಲ ಎಲ್ಲ ಟೆಂಪೋ ಹತ್ತುತ್ತದಂತೆ, ಇದೊಂದು ಹತ್ತುವುದಿಲ್ಲವಂತೆ! ಸಣ್ಣ ಕ್ಯಾಬಿನೆಟ್ಟು ಕೊಂಡರೆ ಅಕ್ಕಿ ಚೀಲಕ್ಕಿಂತ ಹಗುರ. ಸಾಗಿಸುವ ದಿನ ಗ್ರಾಫಿಕ್ಸ್ ಕಾರ್ಡು ಬಿಚ್ಚಿ ಅದರದೇ ಡಬ್ಬಿಗೆ ಹಾಕಿ ಕೈಯಲ್ಲಿ ಹಿಡಿದುಕೊಳ್ಳಲಿ, ಇಲ್ಲದಿದ್ದರೆ ಕುಲುಕಾಟಕ್ಕೆ ಬೋರ್ಡಿನ ಸ್ಲಾಟು ಮುರಿಯುತ್ತದೆ. ಡಬ್ಬಿಗಳನ್ನು ಬಿಸಾಡಬೇಡ ಅಂತ ಕೊಂಡ ದಿನವೇ ಫೋನಿನಲ್ಲಿ ಹೇಳಿಬಿಡಿ.