ಟೆನ್ಶನ್ ಅಂತ ತಳ್ಳಿಹಾಕೋ ಮೊದಲು...

ನಮ್ಮಲ್ಲಿ ಯಾವ ಕಾಯಿಲೆಗಾದ್ರೂ ಸಲೀಸಾಗಿ ಸಿಗೋ ಕಾರಣ ಒಂದಿದೆ: ಟೆನ್ಶನ್. ಹೊಟ್ಟೆ ಕೆಟ್ಟರೆ ಟೆನ್ಶನ್, ಎದೆ ಡವಡವ ಅಂದ್ರೆ ಟೆನ್ಶನ್, ಮುಖ ಕೆಂಪಾದ್ರೂ ಟೆನ್ಶನ್. ಅದರಲ್ಲೂ ಸಾಫ್ಟ್‌ವೇರ್ ಕೆಲಸ ಅಂದುಬಿಟ್ರೆ ಮುಗೀತು, ಮುಂದೆ ಏನೂ ಕೇಳೋದೇ ಬೇಡ. "ಕೆಲಸ ಸ್ವಲ್ಪ ಕಮ್ಮಿ ಮಾಡಪ್ಪ, ಬೆಳಗ್ಗೆ ಎದ್ದು ಪ್ರಾಣಾಯಾಮ ಮಾಡು" ಅಂತ ಹೇಳಿ ಕಳಿಸ್ತಾರೆ. ಬಹಳ ಸಲ ಅದು ಸರಿಯೂ ಇರತ್ತೆ ಅನ್ನಿ. ಆದ್ರೆ ಟೆನ್ಶನ್ ಆದಾಗ ಜಾಸ್ತಿ ಆಗೋದೆಲ್ಲ ಟೆನ್ಶನ್ನಿಂದಲೇ ಬಂದದ್ದು ಅಂತ ತೀರ್ಮಾನ ಮಾಡ್ತೀವಲ್ಲ, ಅದಕ್ಕೆ ನನ್ನ ತಕರಾರಿದೆ. ಯಾಕೆ ಅಂತ ಹೇಳೋಕೆ ಒಂದು ಅಪರೂಪದ ಕಾಯಿಲೆಯ ವಿಷಯ ಎತ್ತಬೇಕು.

2018ರ ಮಾರ್ಚ್‌ನಲ್ಲಿ ನಟ ಇರ್ಫಾನ್ ಖಾನ್ ತಮಗೆ ನ್ಯೂರೋಎಂಡೋಕ್ರೈನ್ ಟ್ಯೂಮರ್ ಇದೆ ಅಂತ ಹೇಳಿಕೊಂಡಾಗ ಈ ಹೆಸರು ನಮ್ಮಲ್ಲಿ ಬಹಳ ಜನರ ಕಿವಿಗೆ ಮೊದಲ ಸಲ ಬಿತ್ತು. ನ್ಯೂರೋ ಅಂದ್ರೆ ಯಾವಾಗಲೂ ಮೆದುಳಿನದ್ದೇ ಅಲ್ಲ ಅಂತ ಅವರೇ ಬಿಡಿಸಿ ಹೇಳಬೇಕಾಯ್ತು. 2011ರಲ್ಲಿ ತೀರಿಕೊಂಡ ಸ್ಟೀವ್ ಜಾಬ್ಸ್‌ಗೆ ಮೇದೋಜ್ಜೀರಕ ಗ್ರಂಥಿಯಲ್ಲಿ ಆಗಿದ್ದದ್ದೂ ಇದೇ ಜಾತಿಯ ಗಡ್ಡೆ. ಹಾರ್ಮೋನ್ ತಯಾರಿಸೋ ಜೀವಕೋಶಗಳಲ್ಲಿ ಹುಟ್ಟೋದು ಇದರ ಲಕ್ಷಣ. ಹೆಚ್ಚಾಗಿ ಕಾಣಿಸಿಕೊಳ್ಳೋದು ಜೀರ್ಣಾಂಗಗಳಲ್ಲಿ. 1907ರಲ್ಲಿ ಜರ್ಮನಿಯ ಓಬರ್ನ್‌ಡಾರ್ಫರ್ ಅನ್ನೋ ವೈದ್ಯರು ಕರುಳಿನ ಇಂಥ ಗಡ್ಡೆಗಳಿಗೆ 'ಕಾರ್ಸಿನಾಯ್ಡ್', ಅಂದ್ರೆ ಕ್ಯಾನ್ಸರ್ ಥರದ್ದು, ಅಂತ ಹೆಸರಿಟ್ರು.

ಸಿರೊಟೋನಿನ್ ಅಂದಕೂಡಲೇ ನಮಗೆ ಮೆದುಳು, ಮೂಡು, ಖುಷಿ ಇವೆಲ್ಲ ನೆನಪಾಗತ್ತೆ. ನಿಜ ಹೇಳಬೇಕಂದ್ರೆ ದೇಹದ ಸುಮಾರು ಶೇಕಡಾ 90ರಷ್ಟು ಸಿರೊಟೋನಿನ್ ಇರೋದು ಹೊಟ್ಟೆ-ಕರುಳಿನಲ್ಲಿ. ಅದನ್ನು ತಯಾರಿಸೋ ಜೀವಕೋಶಗಳಲ್ಲೇ ಗಡ್ಡೆ ಆದ್ರೆ, ಆ ಗಡ್ಡೆಯೂ ಅದೇ ಕಸುಬು ಮುಂದುವರಿಸತ್ತೆ, ಆದ್ರೆ ಹೇಳೋರು ಕೇಳೋರು ಇಲ್ಲದ ಹಾಗೆ. ಶುರುವಿನಲ್ಲಿ ಇದು ಗೊತ್ತೇ ಆಗಲ್ಲ. ಕರುಳಿನ ರಕ್ತ ಮೊದಲು ಲಿವರ್‌ಗೆ ಹೋಗತ್ತೆ, ಅಲ್ಲಿ ಸಿರೊಟೋನಿನ್ ಚೂರಾಗತ್ತೆ. ಗಡ್ಡೆ ಲಿವರ್‌ಗೇ ಹರಡಿದಾಗ ಈ ಕಾವಲು ತಪ್ಪತ್ತೆ. ಆಗ ಸಿರೊಟೋನಿನ್ ಮತ್ತು ಅದರ ಜೊತೆಗಿನ ಬೇರೆ ರಾಸಾಯನಿಕಗಳು ನೇರವಾಗಿ ಮೈಗೆಲ್ಲ ಹರಡಿ ಮುಖ ಕುತ್ತಿಗೆ ಕೆಂಪಾಗೋದು, ನೀರಿನಂಥ ಭೇದಿ, ಉಬ್ಬಸ, ಕಾಲಕ್ರಮೇಣ ಹೃದಯದ ಬಲಭಾಗದ ವಾಲ್ವ್‌ಗಳು ಹಾಳಾಗೋದು, ಇದೆಲ್ಲ ಶುರು ಆಗತ್ತೆ. ಕಾರ್ಸಿನಾಯ್ಡ್ ಸಿಂಡ್ರೋಮ್ ಅನ್ನೋದು ಇದನ್ನೇ.

ಟೆನ್ಶನ್ ಒಳಗೆ ಬರೋದು ಇಲ್ಲಿ. ಗಾಬರಿಯಾದಾಗ, ಸಿಟ್ಟು ಬಂದಾಗ ಕಿಡ್ನಿಯ ಮೇಲೆ ಟೋಪಿ ಹಾಗೆ ಕೂತಿರೋ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸತ್ತೆ. ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಹೊರಬರತ್ತೆ. ಈ ಗಡ್ಡೆಗಳು ಅಡ್ರಿನಲಿನ್‌ಗೆ ಸ್ಪಂದಿಸ್ತವೆ. ಒಳಗೆ ಕೂಡಿಟ್ಟುಕೊಂಡಿದ್ದ ಮಾಲನ್ನು ಒಮ್ಮೆಲೇ ಹೊರಗೆ ಬಿಡ್ತವೆ. ಹಾಗಾಗಿ ಇಂಥ ರೋಗಿಗೆ ಮನೆಯಲ್ಲಿ ಒಂದು ಜಗಳ ಆದ್ರೂ ಸಾಕು, ಮುಖ ಕೆಂಪಾಗಿ ಬಾತ್‌ರೂಮಿಗೆ ಓಡೋ ಹಾಗಾಗಬಹುದು. ಹೆಂಡ, ಖಾರ, ಭರ್ಜರಿ ಊಟ, ಜೋರು ವ್ಯಾಯಾಮ ಕೂಡ ಇದೇ ಕೆಲಸ ಮಾಡ್ತವೆ.

ನನ್ನ ವಾದಕ್ಕೆ ಮುಖ್ಯವಾದ ಸಂಗತಿ ಒಂದಿದೆ. ಈಗಿನ ಸ್ಕ್ಯಾನುಗಳೆಲ್ಲ ಬರೋ ಮೊದಲು ವೈದ್ಯರು ಒಂದು ಪರೀಕ್ಷೆ ಮಾಡ್ತಿದ್ರು. ಮಲಗಿರೋ ರೋಗಿಯ ರಕ್ತನಾಳಕ್ಕೆ ಬಹಳ ಸಣ್ಣ ಪ್ರಮಾಣದ ಅಡ್ರಿನಲಿನ್ ಚುಚ್ಚಿ ನೋಡೋದು. ಕಾರ್ಸಿನಾಯ್ಡ್ ಸಿಂಡ್ರೋಮ್ ಇದ್ದವರ ಮುಖ ಸ್ವಲ್ಪ ಹೊತ್ತಿಗೇ ಕೆಂಪಾಗ್ತಿತ್ತು. ಬಾಸ್ ಇಲ್ಲ, ಡೆಡ್‌ಲೈನ್ ಇಲ್ಲ, ಅತ್ತೆ-ಸೊಸೆ ಜಗಳ ಇಲ್ಲ. ಸೂಜಿಯಲ್ಲಿ ಬಂದ ಅಡ್ರಿನಲಿನ್ ಅಷ್ಟೇ. ಹಾಗಿದ್ದ ಮೇಲೆ "ಎಲ್ಲಾ ನಿನ್ನ ಮನಸ್ಸಿನಲ್ಲೇ ಇರೋದು" ಅನ್ನೋ ಮಾತಿಗೆ ಏನು ಅರ್ಥ?

ನಮ್ಮ ಕೆಲಸದ ಭಾಷೆಯಲ್ಲಿ ಹೇಳ್ತೀನಿ. ಸೇಲ್ ದಿನ ಸಾವಿರಾರು ಜನ ಒಟ್ಟಿಗೆ ನುಗ್ಗಿದಾಗ ಮಾತ್ರ ಸರ್ವರ್ ಬೀಳತ್ತೆ ಅಂದುಕೊಳ್ಳಿ. "ಜನ ಜಾಸ್ತಿ ಬಂದ್ರು, ಅದಕ್ಕೇ ಬಿತ್ತು" ಅಂತ ಟಿಕೆಟ್ ಮುಚ್ಚಿದ್ರೆ ಯಾವ ಮ್ಯಾನೇಜರೂ ಒಪ್ಪಲ್ಲ. ಲೋಡ್ ಬಂದಾಗ ತೊಂದರೆ ಹೊರಗೆ ಬಂತು, ಸರಿ. ಆದ್ರೆ ಕೋಡಿನೊಳಗೆ ಎಲ್ಲೋ ಮೆಮೊರಿ ಸೋರ್ತಾ ಇರೋದು ಮೊದಲಿಂದಲೂ ಇತ್ತಲ್ಲ? ಒಂದು ಪ್ರೋಗ್ರಾಮಿಗೆ ತೋರಿಸೋ ಇಷ್ಟು ಅನುಮಾನವನ್ನು ಮನುಷ್ಯರ ಹೊಟ್ಟೆಗೂ ತೋರಿಸಬಾರದೇ ಅಂತ ನನ್ನ ಪ್ರಶ್ನೆ. ಟೆನ್ಶನ್ನಿಂದಲೇ ಈ ಗಡ್ಡೆ ಹುಟ್ಟತ್ತೆ ಅನ್ನೋಕೆ ಆಧಾರ ಇಲ್ಲ. ಇರೋ ಗಡ್ಡೆಯನ್ನು ಅದು ಕೆಣಕತ್ತೆ, ಅಷ್ಟೆ.

ಈ ಗೊಂದಲದಿಂದ ಆಗೋ ನಷ್ಟ ದೊಡ್ಡದು. ಇಂಥ ರೋಗಿಗಳಿಗೆ ಐಬಿಎಸ್ ಅಂತಲೋ, ಆತಂಕದ ಕಾಯಿಲೆ ಅಂತಲೋ, ಹೆಂಗಸರಾದ್ರೆ ಮುಟ್ಟು ನಿಲ್ಲೋ ವಯಸ್ಸು ಅಂತಲೋ ವರ್ಷಗಟ್ಟಲೆ ಚಿಕಿತ್ಸೆ ನಡೆದ ಮೇಲೆ ನಿಜ ಗೊತ್ತಾಗೋದುಂಟು. ಅಷ್ಟರಲ್ಲಿ ಗಡ್ಡೆ ಲಿವರ್ ಸೇರಿರತ್ತೆ.

ಹಾಗಂತ ಹೊಟ್ಟೆ ಕೆಟ್ಟವರೆಲ್ಲ ಹೆದರಬೇಕಿಲ್ಲ. ಅಮೆರಿಕದ ಲೆಕ್ಕದಲ್ಲಿ ದೇಹದ ಎಲ್ಲ ಭಾಗಗಳ ನ್ಯೂರೋಎಂಡೋಕ್ರೈನ್ ಟ್ಯೂಮರ್‌ಗಳನ್ನು ಸೇರಿಸಿದ್ರೂ 2012ರಲ್ಲಿ ಹೊಸದಾಗಿ ಪತ್ತೆಯಾದದ್ದು ಲಕ್ಷ ಜನರಲ್ಲಿ ಸುಮಾರು 7 ಮಂದಿಗೆ. ಆದ್ರೆ ಕೆಲವು ಗುರುತುಗಳಿವೆ. ಬೆವರೇ ಇಲ್ಲದೆ ಮುಖ ಕೆಂಪಾಗೋದು, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ, ಉಪವಾಸ ಇದ್ದರೂ ನಿಲ್ಲದ ಭೇದಿ. ಇಂಥದ್ದಿದ್ರೆ ವೈದ್ಯರ ಹತ್ತಿರ ಬಾಯಿಬಿಟ್ಟು ಹೇಳಬೇಕು. ಪರೀಕ್ಷೆಗಳಿವೆ: 24 ಗಂಟೆಯ ಮೂತ್ರ ಕೂಡಿಟ್ಟು ಅದರಲ್ಲಿ 5-ಎಚ್‌ಐಎಎ ಅನ್ನೋ ಅಂಶ ಅಳೀತಾರೆ. ಬಾಳೆಹಣ್ಣು, ಅನಾನಸ್, ಟೊಮೆಟೊ ತಿಂದಿದ್ರೆ ಲೆಕ್ಕ ತಪ್ಪತ್ತೆ, ಅದಕ್ಕೇ ಮೊದಲೇ ಬಿಡಿಸ್ತಾರೆ. ಗ್ಯಾಲಿಯಂ-68 ಬಳಸೋ ಪೆಟ್ ಸ್ಕ್ಯಾನ್ ಇದೆ. ಚಿಕಿತ್ಸೆಗೂ ದಾರಿ ಇದೆ. ಹಾರ್ಮೋನುಗಳಿಗೆ ಕಡಿವಾಣ ಹಾಕೋ ಸೊಮ್ಯಾಟೋಸ್ಟ್ಯಾಟಿನ್ 1973ರಲ್ಲಿ ಪತ್ತೆಯಾಯ್ತು. ಅದು ರಕ್ತದಲ್ಲಿ ಎರಡು ಮೂರು ನಿಮಿಷವೂ ನಿಲ್ಲಲ್ಲ. ಅದನ್ನೇ ಹೋಲೋ, ಹೆಚ್ಚು ಹೊತ್ತು ಬಾಳೋ ಆಕ್ಟ್ರಿಯೊಟೈಡ್ 1988ರಿಂದ ಅಮೆರಿಕದಲ್ಲಿ ಬಳಕೆಗೆ ಬಂತು.

ಒಂದು ಮಾತು ಪ್ರಾಮಾಣಿಕವಾಗಿ ಸೇರಿಸಬೇಕು. ಆಪರೇಷನ್ ಟೇಬಲ್ ಮೇಲೆ ಇಂಥ ರೋಗಿಗಳ ಬಿಪಿ ದಿಢೀರ್ ಕುಸಿಯೋದುಂಟು. ಅದಕ್ಕೂ ಹಾರ್ಮೋನ್ ಪ್ರವಾಹವೇ ಕಾರಣ, ಆಗ ಅಡ್ರಿನಲಿನ್ ಕೊಡಲೇಬಾರದು ಅಂತ ಬಹಳ ಕಾಲ ಪಾಠ ಇತ್ತು. ಇತ್ತೀಚಿನ ಕೆಲವು ಅಧ್ಯಯನಗಳು ಅದನ್ನೂ ಪ್ರಶ್ನಿಸಿವೆ. ವಿಜ್ಞಾನ ತನ್ನ ಪಾಠವನ್ನೇ ಮತ್ತೆ ಮತ್ತೆ ತಿರುಗಿಸಿ ನೋಡತ್ತೆ. ನಾವು ಮಾತ್ರ "ಟೆನ್ಶನ್" ಅಂದು ಪುಸ್ತಕ ಮುಚ್ಚಿಬಿಡ್ತೀವಿ.

ಕಾಯಿಲೆಯವರಿಗೆ ನೆಮ್ಮದಿ ಬೇಕು, ಖಂಡಿತ. ಮನೆ ಶಾಂತವಾಗಿದ್ರೆ ಅವರ ಮೈಯೂ ಹಗುರಾಗತ್ತೆ. ಆದ್ರೆ "ನೀನು ಟೆನ್ಶನ್ ಮಾಡ್ಕೊಂಡು ಮಾಡ್ಕೊಂಡೇ ಹೀಗಾಯ್ತು" ಅಂತ ಅವರ ಎದುರಿಗೆ ಅನ್ನೋದಿದೆಯಲ್ಲ, ಅದು ಸಮಾಧಾನವಲ್ಲ, ಆರೋಪ. ಅಷ್ಟು ಹೇಳೋ ಹೊತ್ತಿಗೆ "ರಾತ್ರಿಯೂ ಹೀಗಾಗತ್ತಾ? ಏನೂ ತಿನ್ನದಿದ್ರೂ ಆಗತ್ತಾ?" ಅಂತ ಎರಡು ಪ್ರಶ್ನೆ ಕೇಳಿದ್ರೆ ಹೆಚ್ಚು ಉಪಕಾರ ಆಗಬಹುದು.